ಬೆಳಗಿದ ನಾಣ್ಯ, ಕಳೆದ ತೂಕ

ದೆಹಲಿಯ ಚಾಣಕ್ಯಪುರಿಯಲ್ಲಿ ರಸ್ತೆಗಳ ಹೆಸರು ಓದುತ್ತ ನಡೆದರೆ ನೀತಿಪಾಠದ ಪುಸ್ತಕವೊಂದರ ಪರಿವಿಡಿ ಓದಿದಂತಾಗುತ್ತದೆ. ನೀತಿ ಮಾರ್ಗ, ನ್ಯಾಯ ಮಾರ್ಗ, ಸತ್ಯ ಮಾರ್ಗ, ವಿನಯ ಮಾರ್ಗ. ಜೊತೆಗೆ, ಬಡಾವಣೆಗೆ ಹೆಸರು ಕೊಟ್ಟವನದೇ ಇನ್ನೊಂದು ಹೆಸರು ಹೊತ್ತ ಕೌಟಿಲ್ಯ ಮಾರ್ಗ. ಕರ್ನಾಟಕ ಭವನದ ‘ಕಾವೇರಿ’ ಕಟ್ಟಡ ಇರುವುದು ಈ ರಸ್ತೆಯಲ್ಲೇ. ಸುತ್ತಮುತ್ತಲಿನ ಸರ್ಕಾರಿ ಕ್ವಾರ್ಟರ್ಸ್‌ಗಳಿಗೆ ಕೇಂದ್ರ ಸೇವೆಯಲ್ಲಿರುವ ಕನ್ನಡ ಕುಟುಂಬಗಳು ಬರುತ್ತವೆ, ವರ್ಗವಾದಾಗ ಹೋಗುತ್ತವೆ. ಸೋಫಾ, ಫ್ರಿಜ್ ಎಲ್ಲ ಲಾರಿಯಲ್ಲಿ ಹೋದರೂ ದೇವರ ಪೆಟ್ಟಿಗೆ ಮಾತ್ರ ಕೈಯಲ್ಲೇ ಹೋಗುತ್ತದೆ.

ಆ ಪೆಟ್ಟಿಗೆಯಲ್ಲಿ ಬೆಳ್ಳಿ ಕಲಶ, ಅರಿಶಿನ–ಕುಂಕುಮದ ಬಟ್ಟಲು, ಅಜ್ಜಿಯ ಕಾಲದಿಂದ ಬಂದ ನಾಲ್ಕೈದು ಬೆಳ್ಳಿ ರೂಪಾಯಿ ಇರುವುದು ಸಾಮಾನ್ಯ. ಒಂದರ ಮೇಲೆ ವಿಕ್ಟೋರಿಯಾ ರಾಣಿ, ಉಳಿದವುಗಳ ಮೇಲೆ ಎಡ್ವರ್ಡನೋ ಜಾರ್ಜನೋ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಇವೆಲ್ಲ ಹುಣಸೆಹುಳಿ, ವಿಭೂತಿ, ಸೀಗೆಪುಡಿ ಅಥವಾ ಈಚಿನ ಪೀತಾಂಬರಿ ಪುಡಿಯಲ್ಲಿ ತಿಕ್ಕಿಸಿಕೊಂಡು ಬೆಳ್ಳಗಾಗುತ್ತವೆ. ಮನೆಯಲ್ಲಿ ನಾಣ್ಯದ ಹುಚ್ಚಿನ ಮಗನೊಬ್ಬನಿದ್ದರೆ ಜಗಳ ಶುರುವಾಗುವುದು ಅಲ್ಲಿಂದ. “ಅಮ್ಮಾ, ತಿಕ್ಕಬೇಡ, ಬೆಲೆ ಹೋಗುತ್ತೆ” ಎಂದು ಅವನು. “ದೇವರ ಮುಂದೆ ಕರ್ರಗಿರೋ ದುಡ್ಡು ಇಡಕ್ಕಾಗುತ್ತೇನೋ?” ಎಂದು ಅವಳು.

ಈ ಜಗಳದಲ್ಲಿ ಮಗನ ಪಕ್ಷ ವಹಿಸುವುದು ಸುಲಭ. ನಾಣ್ಯಸಂಗ್ರಹದ ಯಾವ ಕೈಪಿಡಿ ತೆರೆದರೂ ಮೊದಲ ಪುಟಗಳಲ್ಲೇ ಒಂದು ಆಜ್ಞೆ ಇರುತ್ತದೆ: ನಾಣ್ಯವನ್ನು ಎಂದೂ ತೊಳೆಯಬೇಡಿ, ತೊಳೆದದ್ದನ್ನು ಕೊಳ್ಳಬೇಡಿ. ಆಜ್ಞೆಯ ಮೊದಲ ಅರ್ಧ ಬಹುಮಟ್ಟಿಗೆ ಸರಿ. ಎರಡನೆಯ ಅರ್ಧವನ್ನು ಭಾರತದ ಹಳೆಯ ನಾಣ್ಯಗಳಿಗೆ ಇದ್ದಂತೆಯೇ ಅನ್ವಯಿಸಹೋದರೆ ಅರ್ಥ ಕೆಡುತ್ತದೆ. ಈ ಎರಡು ಮಾತುಗಳನ್ನು ಬಿಡಿಸಿ ನೋಡದಿರುವುದರಿಂದಲೇ ಒಂದು ಕಡೆ ನಾಣ್ಯಗಳು ಹಾಳಾಗುತ್ತಿವೆ, ಇನ್ನೊಂದು ಕಡೆ ಹೊಸಬರು ಮೋಸ ಹೋಗುತ್ತಿದ್ದಾರೆ.

ಮೊದಲು, ತಿಕ್ಕಿದಾಗ ಆಗುವುದೇನು ಎಂಬುದು. ಬ್ರಿಟಿಷ್ ಕಾಲದ ಬೆಳ್ಳಿ ರೂಪಾಯಿಯ ತೂಕ 11.66 ಗ್ರಾಂ. ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ, ಉಳಿದದ್ದು ತಾಮ್ರ. ಗಾಳಿಯಲ್ಲಿರುವ ಗಂಧಕದ ಅಂಶ ಬೆಳ್ಳಿಗೆ ತಾಗಿ ಮೇಲೆ ಬೆಳ್ಳಿಯ ಸಲ್ಫೈಡಿನ ತೆಳುವಾದ ಪದರ ಕಟ್ಟುತ್ತದೆ. ಮೊದಲು ಹಳದಿ, ಆಮೇಲೆ ಕಂದು, ನೀಲಿ, ಕೊನೆಗೆ ಕಪ್ಪು. ಇದು ಹೊರಗಿನಿಂದ ಬಂದು ಕೂತ ಧೂಳಲ್ಲ ಎಂಬುದೇ ಇಲ್ಲಿ ಮುಖ್ಯ. ಆ ಕಪ್ಪಿನಲ್ಲಿರುವುದು ನಾಣ್ಯದ್ದೇ ಬೆಳ್ಳಿ. ಕಪ್ಪನ್ನು ತಿಕ್ಕಿ ತೆಗೆದರೆ ಬೆಳ್ಳಿಯೂ ಹೋಯಿತು. ಮುಂದಿನ ವರ್ಷ ಹೊಸ ಬೆಳ್ಳಿ ಕಪ್ಪಾಗುತ್ತದೆ, ಅದನ್ನೂ ತಿಕ್ಕಬೇಕು. ಹೀಗೆ ನಲವತ್ತು ಹಬ್ಬ ಕಳೆದ ರೂಪಾಯಿಯ ಮೇಲೆ ರಾಣಿಯ ಮುಡಿಯ ಎಳೆಗಳು ಮೊದಲು ಹೋಗುತ್ತವೆ, ಆಮೇಲೆ ಕಿರೀಟದ ಕುಸುರಿ, ಆಮೇಲೆ ಕಿವಿ. ಕೊನೆಗೆ ಒಂದು ನುಣುಪಾದ ಮುಖದ ನೆರಳು ಉಳಿಯುತ್ತದೆ.

ಟಂಕಸಾಲೆಯಲ್ಲಿ ಅಚ್ಚು ಬಿದ್ದಾಗ ಲೋಹ ಒಂದು ಕ್ಷಣ ಹರಿದು ಅಂಚಿನತ್ತ ಸರಿಯುತ್ತದೆ. ಆ ಹರಿವಿನ ಸೂಕ್ಷ್ಮ ಗೆರೆಗಳು ನಾಣ್ಯದ ಮೈಮೇಲೆ ಉಳಿಯುತ್ತವೆ. ಹೊಸ ನಾಣ್ಯವನ್ನು ದೀಪದ ಕೆಳಗೆ ತಿರುಗಿಸಿದಾಗ ಬೆಳಕು ಗಾಳಿಪಟದ ಬಾಲದಂತೆ ಸುತ್ತುವುದು ಈ ಗೆರೆಗಳಿಂದ. ತಿಕ್ಕಿದಾಗ ಇವು ಅಳಿದು, ಅವುಗಳ ಜಾಗದಲ್ಲಿ ಬಟ್ಟೆಯೋ ಪುಡಿಯೋ ಎಳೆದ ಕೂದಲೆಳೆಯ ಗೀರುಗಳು ಬರುತ್ತವೆ. ಬಿಳುಪು ಬರುತ್ತದೆ, ಹೊಳಪು ಬರುವುದಿಲ್ಲ. ಹಲ್ಲುಪುಡಿ, ಟೂತ್‌ಪೇಸ್ಟ್ ಮಾಡುವುದೂ ಇದನ್ನೇ. ಅಂಗಡಿಯಲ್ಲಿ ಸಿಗುವ, ಅದ್ದಿ ತೆಗೆಯುವ ದ್ರವಗಳಿಗೆ ತಿಕ್ಕುವ ಅಗತ್ಯವಿಲ್ಲ ನಿಜ. ಆದರೆ ಅವು ಕಪ್ಪಿನ ಜೊತೆ ಮೈಯ ಮೇಲ್ಪದರವನ್ನೂ ಕರಗಿಸುತ್ತವೆ. ಎರಡು ಮೂರು ಬಾರಿ ಅದ್ದಿದ ನಾಣ್ಯ ಸುಣ್ಣ ಬಳಿದ ಗೋಡೆಯ ಹಾಗೆ ಸಪ್ಪೆಯಾಗಿ ಕಾಣುತ್ತದೆ. ಅಲ್ಯೂಮಿನಿಯಂ ಹಾಳೆ ಮತ್ತು ಅಡುಗೆ ಸೋಡಾದ ವಿಧಾನವನ್ನು ‘ಏನೂ ಹಾನಿಯಿಲ್ಲ’ ಎಂದು ವಿಡಿಯೊಗಳಲ್ಲಿ ಹೇಳುವುದುಂಟು. ಅದು ಸಲ್ಫೈಡನ್ನು ಮತ್ತೆ ಬೆಳ್ಳಿಯಾಗಿಸುತ್ತದೆ ಎಂಬುದು ಸರಿ. ಹಾಗೆ ಮರಳಿದ ಬೆಳ್ಳಿ ಮಾತ್ರ ಮೊದಲಿನ ಹಾಗೆ ಗಟ್ಟಿಯಾಗಿ ಕೂರುವುದಿಲ್ಲ, ಮೈ ತರಿತರಿಯಾಗುತ್ತದೆ. 1940ರಿಂದ 45ರವರೆಗಿನ ಯುದ್ಧಕಾಲದ ರೂಪಾಯಿಗಳಲ್ಲಂತೂ ಬೆಳ್ಳಿ ಇರುವುದೇ ಅರ್ಧ. ಉಳಿದದ್ದು ತಾಮ್ರ, ಸತು, ನಿಕ್ಕಲ್. ಹುಳಿ ತಾಗಿದರೆ ಅವು ಬೆಳ್ಳಿಯ ಹಾಗೆ ವರ್ತಿಸುವುದಿಲ್ಲ, ಬಣ್ಣವೇ ಕೆಡುತ್ತದೆ.

ಇಷ್ಟು ಹೇಳುವುದಕ್ಕೆ ರಸಾಯನಶಾಸ್ತ್ರ ಬೇಕಾಗಿರಲಿಲ್ಲ. ಕೌಟಿಲ್ಯ ಮಾರ್ಗಕ್ಕೆ ಹೆಸರು ಕೊಟ್ಟವನೇ ಹೇಳಿಟ್ಟಿದ್ದಾನೆ.

‘ಅರ್ಥಶಾಸ್ತ್ರ’ ಇಂದು ಓದಲು ಸಿಗುತ್ತಿರುವುದು ಮೈಸೂರಿನ ಕೃಪೆಯಿಂದ. ತಂಜಾವೂರು ಕಡೆಯ ಪಂಡಿತರೊಬ್ಬರು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಂದುಕೊಟ್ಟ ಗ್ರಂಥಲಿಪಿಯ ತಾಳೆಗರಿಯಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಅದನ್ನು ಗುರುತಿಸಿದರು. 1909ರಲ್ಲಿ ಮೂಲವನ್ನು, 1915ರಲ್ಲಿ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿದರು. ಅದರ ಎರಡನೆಯ ಅಧಿಕರಣದಲ್ಲಿ ಅಕ್ಕಸಾಲಿಗರ ಮೇಲೆ ಕಣ್ಣಿಡುವ ಅಧಿಕಾರಿಯ ಕೆಲಸ ವಿವರಿಸುವ ಅಧ್ಯಾಯವೊಂದಿದೆ. ಹಳೆಯ ಚಿನ್ನ ಬೆಳ್ಳಿಯ ವಸ್ತುಗಳಿಂದ ಲೋಹ ಕದಿಯುವ ನಾಲ್ಕು ದಾರಿಗಳನ್ನು ಕೌಟಿಲ್ಯ ಅಲ್ಲಿ ಪಟ್ಟಿ ಮಾಡುತ್ತಾನೆ: ಪರಿಕುಟ್ಟನ ಎಂದರೆ ಬಡಿದು ತೆಗೆಯುವುದು, ಅವಚ್ಛೇದನ ಎಂದರೆ ಕತ್ತರಿಸುವುದು, ಉಲ್ಲೇಖನ ಎಂದರೆ ಕೆರೆಯುವುದು, ನಾಲ್ಕನೆಯದು ಪರಿಮರ್ದನ, ಎಂದರೆ ತಿಕ್ಕುವುದು.

ನಾಲ್ಕನೆಯದರ ವಿಧಾನವನ್ನು ಅವನು ಬಿಡಿಸಿ ಹೇಳುತ್ತಾನೆ. ಹರಿದಾಳ, ಮನಃಶಿಲೆ, ಇಂಗಲೀಕಗಳಲ್ಲಿ ಯಾವುದಾದರೊಂದರ ಪುಡಿ ಅಥವಾ ಕುರುವಿಂದದ ಪುಡಿ ಸವರಿದ ಬಟ್ಟೆಯಿಂದ ಉಜ್ಜಿದರೆ ವಸ್ತು ಸವೆಯುತ್ತದೆ, ಆದರೆ ಎಲ್ಲೂ ಮುರಿದದ್ದು ಕಾಣುವುದಿಲ್ಲ. ಬಡಿದದ್ದು, ಕತ್ತರಿಸಿದ್ದು, ಕೆರೆದದ್ದು ಕಣ್ಣಿಗೆ ಕಾಣುತ್ತದೆ. ತಿಕ್ಕಿದ್ದು ಕಾಣುವುದಿಲ್ಲ. ಅಕ್ಕಸಾಲಿಗನ ಜಾಣತನ ಇರುವುದು ಅಲ್ಲಿ: ಗಿರಾಕಿ ‘ಎಷ್ಟು ಚೆನ್ನಾಗಿ ಬೆಳಗಿಕೊಟ್ಟಿದ್ದೀರಿ’ ಎಂದು ಸಂತೋಷದಿಂದ ಮನೆಗೆ ಹೋಗುತ್ತಾನೆ, ಲೋಹ ಬಟ್ಟೆಯಲ್ಲಿ ಉಳಿಯುತ್ತದೆ. ಕೌಟಿಲ್ಯ ಇದನ್ನು ಹೇಳಿದ್ದು ಒಡವೆ ಪಾತ್ರೆಗಳ ಬಗ್ಗೆ, ನಾಣ್ಯಸಂಗ್ರಾಹಕರ ಬಗ್ಗೆ ಅಲ್ಲ. ಅವನ ಕಾಲದಲ್ಲಿ ನಾಣ್ಯ ಕೂಡಿಡುತ್ತಿದ್ದದ್ದು ಖಜಾನೆ ತುಂಬಲು. ಆದರೂ ಹಬ್ಬದ ಹಿಂದಿನ ದಿನ ಬಚ್ಚಲಲ್ಲಿ ನಡೆಯುವ ಕೆಲಸಕ್ಕೆ ಇದಕ್ಕಿಂತ ನಿಖರವಾದ ವರ್ಣನೆ ಸಿಗುವುದು ಕಷ್ಟ. ವ್ಯತ್ಯಾಸ ಇಷ್ಟೇ, ಇಲ್ಲಿ ಕಳ್ಳನೂ ಮನೆಯವರೇ, ಕಳೆದುಕೊಂಡವರೂ ಮನೆಯವರೇ.

ಕಳೆದುಕೊಳ್ಳುವುದು ಕೂದಲೆಳೆಯಷ್ಟು ಲೋಹ ತಾನೆ, ಅದರಿಂದೇನು ಎಂದು ಕೇಳಬಹುದು. ಡಿ.ಡಿ. ಕೋಸಂಬಿಯವರ ಕೆಲಸ ಗೊತ್ತಿದ್ದವರು ಹಾಗೆ ಕೇಳುವುದಿಲ್ಲ. ಗಣಿತಜ್ಞರಾಗಿದ್ದ ಕೋಸಂಬಿ 1940ರ ಸುಮಾರಿಗೆ ಮುದ್ರಾಂಕಿತ ಬೆಳ್ಳಿ ನಾಣ್ಯಗಳನ್ನು ಒಂದೊಂದಾಗಿ ತೂಗತೊಡಗಿದರು. ಚಲಾವಣೆಯಲ್ಲಿ ನಾಣ್ಯ ಸವೆಯುವ ರೀತಿ ಅರಿಯಲು ತಮ್ಮ ಕಾಲದ ಸಾವಿರಾರು ನಾಣ್ಯಗಳನ್ನೂ ತೂಗಿದರು. ಹಳೆಯ ಕಾರ್ಷಾಪಣಗಳ ತೂಕ 32 ಗುಲಗಂಜಿಯ ಲೆಕ್ಕ, ಹೆಚ್ಚುಕಡಿಮೆ ಮೂರೂವರೆ ಗ್ರಾಂ. ಅವುಗಳ ಹಿಂಬದಿಯಲ್ಲಿ ಸಣ್ಣ ಸಣ್ಣ ಗುರುತುಗಳಿರುತ್ತವೆ. ಚಿನಿವಾರರು ಆಗಾಗ ಪರೀಕ್ಷಿಸಿ ಒತ್ತಿದ ಮುದ್ರೆಗಳು ಅವು ಎಂಬುದು ಕೋಸಂಬಿಯವರ ವಾದ. ಹಿಂಬದಿಯ ಗುರುತು ಹೆಚ್ಚಿದಷ್ಟೂ ನಾಣ್ಯದ ಸರಾಸರಿ ತೂಕ ಕಡಿಮೆಯಾಗುತ್ತ ಹೋಗುವುದನ್ನು ಅವರು ಲೆಕ್ಕ ಹಾಕಿ ತೋರಿಸಿದರು. ಎಂದರೆ ಗುರುತುಗಳೂ ತೂಕವೂ ಸೇರಿ ಕಾಲದ ಗಡಿಯಾರವಾಯಿತು. ರಾಜನ ಹೆಸರಿಲ್ಲದ, ಇಸವಿಯಿಲ್ಲದ ನಾಣ್ಯಗಳನ್ನು ಹಿಂದುಮುಂದಾಗಿ ಜೋಡಿಸುವುದಕ್ಕೆ ದಾರಿ ಸಿಕ್ಕಿತು.

ಈ ಲೆಕ್ಕದಲ್ಲಿ ಗ್ರಾಮಿನ ನೂರನೆಯ ಒಂದು ಭಾಗಕ್ಕೂ ಬೆಲೆಯಿದೆ. ಇಂಥ ನಾಣ್ಯವೊಂದನ್ನು ಯಾರೋ ಪುಡಿ ಹಾಕಿ ತಿಕ್ಕಿದರು ಎನ್ನಿ. ತೂಕ ಇಳಿಯಿತು, ಹಿಂಬದಿಯ ತೆಳು ಗುರುತುಗಳೂ ಮಾಸಿದವು. ಗಡಿಯಾರದ ಎರಡೂ ಮುಳ್ಳು ಒಟ್ಟಿಗೇ ಹೋದವು. ಅದು ಇನ್ನೂ ಬೆಳ್ಳಿ, ಇನ್ನೂ ಹಳೆಯದು, ಮಾರಿದರೆ ಹಣವೂ ಬರುತ್ತದೆ. ಸಾಕ್ಷಿಯಾಗಿ ಮಾತ್ರ ಅದು ಮೂಕವಾಯಿತು. ‘ನನ್ನ ದುಡ್ಡು ಕೊಟ್ಟು ಕೊಂಡ ನಾಣ್ಯ, ನಾನೇನಾದರೂ ಮಾಡಿಕೊಳ್ಳುತ್ತೇನೆ’ ಎನ್ನುವವರ ಮಾತು ಒಪ್ಪಿಗೆಯಾಗದಿರುವುದು ಇದಕ್ಕೇ. ಎರಡು ಸಾವಿರ ವರ್ಷ ನೂರಾರು ಕೈ ದಾಟಿ ಬಂದ ವಸ್ತುವಿಗೆ ಇವತ್ತಿನ ಒಡೆಯ ಒಬ್ಬ ಬಾಡಿಗೆದಾರ ಮಾತ್ರ. ಬಾಡಿಗೆ ಮನೆಯ ಗೋಡೆ ಒಡೆಯುವುದಕ್ಕೆ ಮೊದಲು ಯೋಚಿಸುವಷ್ಟಾದರೂ ಯೋಚಿಸಬೇಕು.

ಹಾಗಾದರೆ ತೊಳೆಯುವುದೇ ತಪ್ಪೇ? ಕೈಪಿಡಿಗಳ ಆಜ್ಞೆ ಭಾರತದ ನೆಲದಲ್ಲಿ ಎಡವುವುದು ಇಲ್ಲಿ.

ಆ ಆಜ್ಞೆ ರೂಪುಗೊಂಡದ್ದು ಬಹುಪಾಲು ಅಮೆರಿಕದ ಮಾರುಕಟ್ಟೆಯಲ್ಲಿ, ಯಂತ್ರದಲ್ಲಿ ಅಚ್ಚಾಗಿ ಬ್ಯಾಂಕಿನ ಚೀಲದಿಂದ ನೇರವಾಗಿ ಸಂಗ್ರಾಹಕರ ಕೈಗೆ ಬಂದ ಡಾಲರುಗಳಿಗಾಗಿ. ಅಲ್ಲಿ 1949ರಲ್ಲಿ ಶೆಲ್ಡನ್ ಎಂಬಾತ ತಂದ 1ರಿಂದ 70ರ ಅಂಕಗಳಲ್ಲಿ ನಾಣ್ಯದ ಸ್ಥಿತಿ ಅಳೆಯುತ್ತಾರೆ. ತಿಕ್ಕಿದ್ದೆಂದು ಕಂಡರೆ ಶ್ರೇಣಿ ನೀಡುವ ಸಂಸ್ಥೆಗಳು ಅಂಕ ಕೊಡದೆ ‘ತೊಳೆದದ್ದು’ ಎಂದು ಬರೆದು ಕಳಿಸುತ್ತವೆ. ಒಂದೊಂದು ಅಂಕಕ್ಕೂ ಸಾವಿರಾರು ಡಾಲರ್ ವ್ಯತ್ಯಾಸವಾಗುವ ಲೋಕದಲ್ಲಿ ಆ ಕಟ್ಟುನಿಟ್ಟು ಸರಿಯೇ. ಚಿತ್ರದುರ್ಗದ ಚಂದ್ರವಳ್ಳಿಯ ಮಣ್ಣಿನಿಂದ ಎದ್ದ ಸೀಸದ ನಾಣ್ಯಕ್ಕೆ ಅದೇ ಮಾತು ಹೇಳಿದರೆ?

ಚಂದ್ರವಳ್ಳಿಯಲ್ಲಿ ಎಂ.ಎಚ್. ಕೃಷ್ಣ 1929ರಲ್ಲಿ ಉತ್ಖನನ ನಡೆಸಿದರು, 1947ರಲ್ಲಿ ಮಾರ್ಟಿಮರ್ ವೀಲರ್ ಮತ್ತೆ ಅಗೆದರು. ಶಾತವಾಹನರ ನಾಣ್ಯಗಳು, ರೋಮನ್ ಬೆಳ್ಳಿ ನಾಣ್ಯಗಳು ಅಲ್ಲಿ ಸಿಕ್ಕಿವೆ. ಚಿತ್ರದುರ್ಗ ಸೀಮೆಯ ಸಡಕನ ಮನೆತನದ ಮಹಾರಠಿಗಳು ಹೊರಡಿಸಿದ ಗೂಳಿಯ ಚಿತ್ರದ ಸೀಸದ ನಾಣ್ಯಗಳು ಆ ಪ್ರದೇಶದ ಹೆಗ್ಗುರುತು. ಆ ಮನೆತನವನ್ನು ಇತಿಹಾಸ ಅರಿತದ್ದು ಮುಖ್ಯವಾಗಿ ನಾಣ್ಯದ ಮೇಲಿನ ಬ್ರಾಹ್ಮಿ ಅಕ್ಷರಗಳಿಂದ. ಅವುಗಳನ್ನು ಯಾರೂ ಮಣ್ಣಿನಿಂದ ಎದ್ದ ಹಾಗೇ ಓದಿಲ್ಲ. ನೆಲದಲ್ಲಿ ಇಷ್ಟು ಶತಮಾನ ಕಳೆದ ನಾಣ್ಯ ಹೊರಬರುವುದು ಮಣ್ಣು, ಸುಣ್ಣ, ಉಪ್ಪು, ಕಿಲುಬು ಎಲ್ಲ ಸೇರಿದ ಒಂದು ಉಂಡೆಯಾಗಿ. ಯಾರೋ ತಾಳ್ಮೆಯಿಂದ ಅದನ್ನು ಬಿಡಿಸಿದ್ದಾರೆ. ಮ್ಯೂಸಿಯಂಗಳ ಗಾಜಿನ ಹಿಂದೆ ಇರುವ ನೆಲದ ನಾಣ್ಯಗಳೆಲ್ಲ ಒಂದರ್ಥದಲ್ಲಿ ತೊಳೆದ ನಾಣ್ಯಗಳೇ. ‘ತೊಳೆದದ್ದನ್ನು ಕೊಳ್ಳಬೇಡಿ’ ಎಂಬ ನಿಯಮ ಅಕ್ಷರಶಃ ಪಾಲಿಸಿದರೆ ಪ್ರಾಚೀನ ನಾಣ್ಯಗಳ ಸಂಗ್ರಹವೇ ಇರುವುದಿಲ್ಲ.

ತೊಳೆಯದೆ ಬಿಟ್ಟರೆ ಸತ್ತೇಹೋಗುವ ನಾಣ್ಯಗಳೂ ಇವೆ. ತಾಮ್ರ, ಕಂಚಿನ ನಾಣ್ಯದ ಮೇಲೆ ಗಟ್ಟಿಯಾಗಿ, ನುಣುಪಾಗಿ ಕೂತ ಹಸಿರು ಅಥವಾ ಕಂದು ಪದರ ಅದಕ್ಕೆ ಕವಚ. ಅದನ್ನು ಮುಟ್ಟಬಾರದು. ಅಲ್ಲಲ್ಲಿ ತಿಳಿಹಸಿರು ಪುಡಿ ಉದುರುತ್ತಿದ್ದು, ಒರೆಸಿದರೆ ಕೆಳಗೆ ಗುಳಿ ಕಂಡರೆ ಅದು ಬೇರೆ ಕಥೆ. ನೆಲದ ಉಪ್ಪಿನಿಂದ ಒಳಸೇರಿದ ಕ್ಲೋರೈಡು ತೇವ ತಾಗಿದಾಗಲೆಲ್ಲ ಆಮ್ಲ ಹುಟ್ಟಿಸುತ್ತದೆ, ಆಮ್ಲ ತಾಮ್ರವನ್ನು ತಿನ್ನುತ್ತದೆ, ಅದರಿಂದ ಮತ್ತೆ ಆಮ್ಲ. ಕಂಚಿನ ರೋಗ ಎಂದೇ ಇದಕ್ಕೆ ಹೆಸರು. ಒಣ ಹವೆಯಲ್ಲಿ ಇದು ಮಲಗಿರುತ್ತದೆ. ಅದೇ ನಾಣ್ಯ ಮಂಗಳೂರಿಗೋ ಕಾಸರಗೋಡಿಗೋ ಹೋಗಿ ಒಂದು ಮಳೆಗಾಲ ಕಳೆದರೆ ಎದ್ದು ಕೂರುತ್ತದೆ. ಇಲ್ಲಿ ‘ತೊಳೆಯಬೇಡಿ’ ಎಂಬುದು ಕಾಯಿಲೆ ಬಂದವನಿಗೆ ಔಷಧಿ ಬೇಡ ಎಂದ ಹಾಗೆ. ಕ್ಲೋರೈಡನ್ನು ನಿಧಾನವಾಗಿ ನೆನೆಸಿ ಹೊರತೆಗೆಯಬೇಕು, ಒಣಗಿಸಬೇಕು. ಆದರೆ ಅದು ಬಲ್ಲವರು ಮಾಡುವ ಕೆಲಸ. ಸಾಂಸ್ಕೃತಿಕ ವಸ್ತುಗಳ ಸಂರಕ್ಷಣೆಗಾಗಿ ಲಖನೌದಲ್ಲಿ ರಾಷ್ಟ್ರೀಯ ಪ್ರಯೋಗಾಲಯವೇ ಇದೆ. ಅಡುಗೆಮನೆಯ ನಿಂಬೆಹಣ್ಣು ಇದಕ್ಕೆ ಮದ್ದಲ್ಲ, ವಿಷ. ಸೀಸದ ನಾಣ್ಯಕ್ಕಂತೂ ಹುಳಿಯ ಆವಿಯೇ ಸಾಕು. ಮರದ ಪೆಟ್ಟಿಗೆಯಿಂದ, ರಟ್ಟಿನಿಂದ ಹೊಮ್ಮುವ ಆಮ್ಲಕ್ಕೇ ಅದು ಬಿಳಿ ಪುಡಿಯಾಗಿ ಉದುರತೊಡಗುತ್ತದೆ. ವಿನಿಗರ್‌ನಲ್ಲಿ ಅದ್ದಿದವರು ಅಕ್ಷರಗಳನ್ನೇ ಕರಗಿಸಿರುತ್ತಾರೆ.

ಗೆರೆ ಎಳೆಯಬೇಕಾದದ್ದು ತೊಳೆದದ್ದು–ತೊಳೆಯದ್ದರ ನಡುವೆ ಅಲ್ಲ. ನಾಣ್ಯದ ಮೇಲೆ ಹೊರಗಿನಿಂದ ಬಂದು ಕೂತದ್ದನ್ನು ತೆಗೆಯುವುದು ಒಂದು, ನಾಣ್ಯವನ್ನೇ ತೆಗೆಯುವುದು ಇನ್ನೊಂದು. ಮಣ್ಣು, ಮೇಣ, ಎಣ್ಣೆಜಿಡ್ಡು, ಪಿವಿಸಿ ಪ್ಲಾಸ್ಟಿಕ್ ಚೀಲದಿಂದ ಅಂಟಿದ ಹಸಿರು ಲೋಳೆ ಇವೆಲ್ಲ ಮೊದಲನೆಯ ಗುಂಪು. ಶುದ್ಧೀಕರಿಸಿದ ನೀರಿನಲ್ಲಿ ನೆನೆಸಿ, ಜಿಡ್ಡಿದ್ದರೆ ಶುದ್ಧ ಅಸಿಟೋನಿನಲ್ಲಿ ಅದ್ದಿ, ಉಜ್ಜದೆ, ಬಟ್ಟೆಗೆ ಒತ್ತಿ ಒಣಗಿಸಿದರೆ ಲೋಹಕ್ಕೆ ಏನೂ ಆಗುವುದಿಲ್ಲ. (ಅಸಿಟೋನಿಗೆ ಬೆಂಕಿ ಬೇಗ ಹತ್ತುತ್ತದೆ. ದೇವರ ದೀಪದ ಹತ್ತಿರ ಈ ಪ್ರಯೋಗ ಬೇಡ.) ಇದಕ್ಕಿಂತ ಹೆಚ್ಚಿನದು ಬೇಕೆನಿಸಿದರೆ ಅಲ್ಲಿಗೆ ಹವ್ಯಾಸಿಯ ಕೆಲಸ ಮುಗಿಯಿತು.

ಈಗ ಕೊಳ್ಳುವವರ ಕಡೆಗೆ ಬರಬೇಕು. ನಾಣ್ಯ ಹಾಳಾಗುವುದರಲ್ಲಿ ತಿಕ್ಕುವವರ ಪಾಲಿಗಿಂತ ಕೊಳ್ಳುವವರ ಪಾಲು ದೊಡ್ಡದು. ಧನ್‌ತೇರಸ್ ಹತ್ತಿರವಾದಾಗ ಹಳೆ ದೆಹಲಿಯ ದರೀಬಾ ಕಲಾಂನಂಥ ಬೆಳ್ಳಿಯ ಬೀದಿಗಳಲ್ಲಿ ವಿಕ್ಟೋರಿಯಾ, ಜಾರ್ಜ್ ರೂಪಾಯಿಗಳು ಲಕ್ಷ್ಮಿ–ಗಣೇಶರ ಹೊಸ ಬೆಳ್ಳಿ ಬಿಲ್ಲೆಗಳ ಪಕ್ಕದಲ್ಲೇ ಮಾರಾಟಕ್ಕೆ ಕೂರುತ್ತವೆ. ಕಪ್ಪಗಿದ್ದರೆ ಗಿರಾಕಿ ಮೂಗು ಮುರಿಯುತ್ತಾನೆ, ಆದ್ದರಿಂದ ಪಾಲಿಶ್ ಆಗುತ್ತದೆ. ಪೂಜೆಗೆ, ಉಡುಗೊರೆಗೆ ಕೊಳ್ಳುವವರಿಗೆ ಇದರಲ್ಲಿ ಮೋಸವೇನಿಲ್ಲ. ಅವರು ಕೊಟ್ಟದ್ದು ಬೆಳ್ಳಿಯ ಬೆಲೆ, ಪಡೆದದ್ದು ಬೆಳ್ಳಿ. ತೊಂದರೆಯಾಗುವುದು ಅದೇ ಪಾಲಿಶ್ ಆದ ನಾಣ್ಯ ‘ಟಂಕಸಾಲೆಯಿಂದ ಬಂದ ಹಾಗೇ ಇದೆ’ ಎಂಬ ಮಾತಿನೊಂದಿಗೆ ಹವ್ಯಾಸಿಯೊಬ್ಬನ ಆಲ್ಬಂ ಸೇರಿದಾಗ. ಹಾಗೆ ಕೊಂಡವನು ಹತ್ತು ವರ್ಷದ ಮೇಲೆ, ಮಗಳ ಮದುವೆಗೋ ಆಸ್ಪತ್ರೆಯ ಖರ್ಚಿಗೋ ಮಾರಲು ಹೋದಾಗ ಎದುರಿನವನು ಭೂತಗನ್ನಡಿ ಹಿಡಿದು ‘ಇದು ತಿಕ್ಕಿದ್ದು ಸ್ವಾಮಿ’ ಎಂದು ತಕ್ಕಡಿಗೆ ಹಾಕುತ್ತಾನೆ. ಕೊಳ್ಳುವಾಗ ಕಾಣದ ಗೀರು ಮಾರುವಾಗ ಕಾಣುತ್ತದೆ.

ಇದಕ್ಕಿಂತ ಕೆಟ್ಟದ್ದು ತಿಕ್ಕಿದ ಗುಟ್ಟನ್ನು ಮುಚ್ಚಲು ಮತ್ತೆ ಕಪ್ಪು ಬಳಿಯುವುದು. ಬೇಯಿಸಿದ ಮೊಟ್ಟೆಯ ಜೊತೆ ಡಬ್ಬಿಯಲ್ಲಿಟ್ಟರೆ ಅದರ ಗಂಧಕಕ್ಕೆ ಬೆಳ್ಳಿ ಬೇಗ ಬಣ್ಣ ಕಟ್ಟುತ್ತದೆ. ನೂರು ವರ್ಷದ ಕೆಲಸವನ್ನು ಒಂದು ರಾತ್ರಿಯಲ್ಲಿ ಮಾಡಿಸಿದ ಬಣ್ಣವನ್ನು ನೋಡನೋಡುತ್ತ ಗುರುತಿಸಬಹುದು. ಅದು ಎಲ್ಲೆಡೆ ಒಂದೇ ಸಮನಾಗಿರುತ್ತದೆ, ಗೀರುಗಳ ಒಳಗೂ ಇರುತ್ತದೆ. ನಿಜವಾದ ಕಪ್ಪು ಹಾಗಲ್ಲ, ಅಂಚಿನಲ್ಲಿ, ಅಕ್ಷರಗಳ ಬುಡದಲ್ಲಿ ದಟ್ಟವಾಗಿದ್ದು ಬಯಲಿನಲ್ಲಿ ತೆಳುವಾಗುತ್ತದೆ. ತಿಕ್ಕಿದ್ದನ್ನು ಕಂಡುಹಿಡಿಯುವುದೂ ಕಷ್ಟವೇನಲ್ಲ. ಕೋಣೆಯ ಟ್ಯೂಬ್‌ಲೈಟ್ ಆರಿಸಿ, ಒಂದೇ ಬಲ್ಬಿನ ಕೆಳಗೆ ನಾಣ್ಯವನ್ನು ಓರೆಯಾಗಿ ತಿರುಗಿಸಬೇಕು. ಒಂದೇ ದಿಕ್ಕಿಗೆ ಓಡುವ ಸಾಲು ಗೀರುಗಳು, ಸವೆದ ಮುಖದ ಮೇಲೆ ಸಲ್ಲದ ಬಿಳುಪು, ಅಕ್ಷರದ ಸಂದಿಯಲ್ಲಿ ಸಿಕ್ಕಿಕೊಂಡ ಬಿಳಿ ಪುಡಿ ಇವುಗಳಲ್ಲಿ ಒಂದಾದರೂ ಕಂಡೀತು.

ತಿಕ್ಕಿದ್ದೆಂದು ಗೊತ್ತಾದ ಮೇಲೂ ಕೊಳ್ಳಬಹುದೇ? ಕೊಳ್ಳಬಹುದು, ತಿಕ್ಕಿದ್ದರ ಬೆಲೆಗೆ. ಈ ವಿಷಯದಲ್ಲಿ ಸಂಗ್ರಾಹಕರ ಮಡಿವಂತಿಕೆ ಅತಿಯಾಯಿತು. ಟಿಪ್ಪುವಿನ ಆನೆಯ ತಾಮ್ರದ ಕಾಸನ್ನೇ ನೋಡಿ. ಅದರ ಮೇಲೆ ಪಾರಸಿಯಲ್ಲಿ ಟಂಕಸಾಲೆಯ ಹೆಸರಿರುತ್ತದೆ: ಪಟ್ಟಣ ಎಂದರೆ ಶ್ರೀರಂಗಪಟ್ಟಣ, ನಗರ ಎಂದರೆ ಬಿದನೂರು, ಫರ್ರುಖ್‌ಯಾಬ್ ಹಿಸಾರ್ ಎಂದರೆ ಚಿತ್ರದುರ್ಗ. ಯಾರೋ ಹುಣಸೆಹುಳಿಯಲ್ಲಿ ತೊಳೆದು ಕಿತ್ತಳೆ ಬಣ್ಣಕ್ಕೆ ತಂದಿದ್ದರೂ ಆ ಹೆಸರು ಓದಲು ಬಂದರೆ ಕಾಲೇಜು ಹುಡುಗಿಯೊಬ್ಬಳಿಗೆ ಅದು ಒಳ್ಳೆಯ ಮೊದಲ ನಾಣ್ಯ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ಕಾಸುಗಳ ಮೇಲೆ ಕನ್ನಡದಲ್ಲಿ ‘ಮಯಿಲಿ ಕಾಸು’ ಎಂದಿರುತ್ತದೆ. ಮುಟ್ಟದೆ ಉಳಿದ ಪ್ರತಿಗೆ ಹೆಚ್ಚು ಹಣ ಸುರಿಯಲಾಗದವರು ತೊಳೆದ ಪ್ರತಿಯೊಂದರಲ್ಲಿ ಆ ಕನ್ನಡ ಅಕ್ಷರಗಳನ್ನು ಬೆರಳಲ್ಲಿ ಮುಟ್ಟಿ ಓದಿದರೆ ನಾಣ್ಯಶಾಸ್ತ್ರಕ್ಕೆ ನಷ್ಟವೇನೂ ಇಲ್ಲ. ತಿಕ್ಕಿದ ನಾಣ್ಯ ಹೊಲೆಗೇಡಿನ ವಸ್ತುವಲ್ಲ, ಗಾಯಗೊಂಡ ವಸ್ತು. ಅದನ್ನು ಕೊಳ್ಳುವುದೇ ಪಾಪ ಎಂದು ಹೆದರಿಸುತ್ತ ಬಂದುದರ ಫಲವಾಗಿ ಮಾರುವವರು ಗಾಯ ಮುಚ್ಚಿಡುವುದನ್ನು ಕಲಿತಿದ್ದಾರೆ. ಬೆಲೆ ಇಳಿಸಿ, ಲಕೋಟೆಯ ಮೇಲೆ ‘ತೊಳೆದದ್ದು’ ಎಂದು ಬರೆದು ಮಾರುವ ವ್ಯಾಪಾರಿಯ ಹತ್ತಿರ ಜನ ಧೈರ್ಯವಾಗಿ ಕೊಂಡರೆ ಮಾತ್ರ ಹಾಗೆ ಬರೆಯುವವರು ಹೆಚ್ಚುತ್ತಾರೆ. ಅರ್ಥಶಾಸ್ತ್ರದಲ್ಲಿ ನಾಣ್ಯ ಪರೀಕ್ಷಿಸುವ ರೂಪದರ್ಶಕನೆಂಬ ಅಧಿಕಾರಿಯಿದ್ದ, ಖಜಾನೆಗೆ ಬಂದ ಖೋಟಾ ನಾಣ್ಯವನ್ನು ಅಲ್ಲೇ ಕತ್ತರಿಸುತ್ತಿದ್ದರು. ಈಗ ರೂಪದರ್ಶಕನ ಕೆಲಸ ಕೊಳ್ಳುವವನ ಕಣ್ಣಿಗೇ ಬಿದ್ದಿದೆ.

ನೆಲದಲ್ಲಿ ಸಿಕ್ಕಿದ ನಾಣ್ಯದ ವಿಷಯದಲ್ಲಿ ಮಾತ್ರ ರಾಜಿ ಇಲ್ಲ. 1878ರ ನಿಧಿ ಕಾಯ್ದೆಯ ಪ್ರಕಾರ ಹತ್ತು ರೂಪಾಯಿಗಿಂತ ಹೆಚ್ಚಿನ ಬೆಲೆಯ ನಿಧಿ ಸಿಕ್ಕರೆ ಕಲೆಕ್ಟರಿಗೆ ತಿಳಿಸ­ಬೇಕು. 1972ರ ಪ್ರಾಚ್ಯವಸ್ತು ಕಾಯ್ದೆಯಲ್ಲಿ ನೂರು ವರ್ಷ ದಾಟಿದ ನಾಣ್ಯವೂ ಪ್ರಾಚ್ಯವಸ್ತುವೇ. ಹೊಲ ಉಳುವಾಗಲೋ ಪಾಯ ತೋಡುವಾಗಲೋ ಮಡಕೆ ಸಿಕ್ಕಾಗ ಜನ ಮೊದಲು ಮಾಡುವ ಕೆಲಸ ಒಂದು ನಾಣ್ಯ ತೆಗೆದು ಒರಟು ಕಲ್ಲಿಗೆ ಉಜ್ಜುವುದು, ಚಿನ್ನವೋ ಹಿತ್ತಾಳೆಯೋ ನೋಡಲು. ಆಮೇಲೆ ಗುಟ್ಟಾಗಿ ಅಕ್ಕಸಾಲಿಗನ ಆಮ್ಲ. ‘ತಳಕಾಡುಗೊಂಡ’ ಎಂದು ಕನ್ನಡದಲ್ಲೇ ಬರೆಸಿದ ಹೊಯ್ಸಳ ವಿಷ್ಣುವರ್ಧನನ ಹೊನ್ನಿನಂಥ ನಾಣ್ಯಕ್ಕೆ ಚಿನ್ನವಾದ್ದರಿಂದ ಕಿಲುಬಿನ ಭಯವಿಲ್ಲ, ಆದರೆ ಮೆತ್ತಗಿನ ಚಿನ್ನದ ಮೇಲೆ ಒಂದು ಕಲ್ಲಿನ ಉಜ್ಜು ಸಾಕು. ಅಂಟಿದ ಮಣ್ಣು ಕೂಡ ಆ ಮಡಕೆಯ ಸಾಕ್ಷಿಯೇ. ಯಾವ ನಾಣ್ಯ ಯಾವುದರ ಪಕ್ಕದಲ್ಲಿತ್ತು ಎಂಬುದು ತೊಳೆದ ಮೇಲೆ ಯಾರಿಗೂ ತಿಳಿಯುವುದಿಲ್ಲ.

ಇನ್ನು ಚಾಣಕ್ಯಪುರಿಯ ಆ ತಾಯಿ ಮಗ. ಮಗ ಗೆಲ್ಲಬೇಕಾದ ಅಗತ್ಯವಿಲ್ಲ. ಪೂಜೆಯ ರೂಪಾಯಿಗಳು ಸಂಗ್ರಹದ ನಾಣ್ಯಗಳಲ್ಲ, ಅವು ಇನ್ನೂ ಬಳಕೆಯಲ್ಲಿವೆ. ಬಳಕೆಯಲ್ಲಿರುವ ನಾಣ್ಯ ಸವೆಯುವುದು ಸಹಜ, ಸಂತೆಯಲ್ಲಿ ಸವೆದರೇನು, ಹುಣಸೆಹುಳಿಯಲ್ಲಿ ಸವೆದರೇನು. ಅತ್ತೆಯ ಕೈ, ಸೊಸೆಯ ಕೈ, ಅವಳ ಸೊಸೆಯ ಕೈ ತಿಕ್ಕಿ ನುಣುಪಾದ ರಾಣಿಯ ಮುಖಕ್ಕೆ ಮಾರುಕಟ್ಟೆಯ ಅಂಕ ಕೊಡುವುದು ಅಧಿಕಪ್ರಸಂಗ. ಮಗ ಕೇಳಿಕೊಳ್ಳಬಹುದಾದದ್ದು ಇಷ್ಟೇ: ಇನ್ನೂ ಸವೆಯದ ಒಂದನ್ನು ಬಿಟ್ಟುಕೊಡು, ಅದನ್ನು ಪಿವಿಸಿ ಇಲ್ಲದ ಹೊದಿಕೆಯಲ್ಲಿ, ಅಂಚು ಹಿಡಿದು, ಹಾಗೇ ಇಡೋಣ.

ಹಾಗೆ ಬಿಡುವ ಮೊದಲು ಇಸವಿ ನೋಡಿಕೊಳ್ಳುವುದು ಒಳ್ಳೆಯದು. 1911ರಲ್ಲಿ ಐದನೆಯ ಜಾರ್ಜನ ಹೊಸ ರೂಪಾಯಿ ಬಂದಾಗ ಅವನ ನಿಲುವಂಗಿಯ ಮೇಲಿದ್ದ ಪುಟ್ಟ ಆನೆ ಮೋಟು ಸೊಂಡಿಲಿನಿಂದಾಗಿ ಜನರ ಕಣ್ಣಿಗೆ ಹಂದಿಯಂತೆ ಕಂಡಿತು. ಗಲಾಟೆಯಾಗಿ, ಬಹುಪಾಲು ನಾಣ್ಯಗಳನ್ನು ಸರ್ಕಾರ ಕರಗಿಸಿತು, 1912ರ ಅಚ್ಚಿನಲ್ಲಿ ಆನೆಯನ್ನು ತಿದ್ದಿತು. ಆ ‘ಹಂದಿ ರೂಪಾಯಿ’ಯನ್ನು ಹುಡುಕುವವರು ಇಂದಿಗೂ ಇದ್ದಾರೆ. ಸಾಸಿವೆಯಷ್ಟು ಪ್ರಾಣಿ ಅದು, ಅರಸನ ಎದೆಯ ಮೇಲೆ, ಬೆಳಗುವ ಹೆಬ್ಬೆರಳು ಮೊದಲು ತಾಗುವ ಜಾಗದಲ್ಲಿ. ದೇವರ ಪೆಟ್ಟಿಗೆಯಿಂದ ಹೊರಬರುವ ಎಷ್ಟೋ ರೂಪಾಯಿಗಳ ಹಿಂಬದಿಯಲ್ಲಿ 1911 ಎಂಬ ಇಸವಿ ಇನ್ನೂ ಓದಲು ಬರುತ್ತದೆ. ಮುಂಬದಿಯಲ್ಲಿ ಇದ್ದದ್ದು ಆನೆಯೋ ಹಂದಿಯೋ ಹೇಳಲು ಅಲ್ಲೇನೂ ಉಳಿದಿರುವುದಿಲ್ಲ.